ಆಸ್ಪತ್ರೆಗೆ ಸ್ವಾತಂತ್ರ್ಯ ಕೊಡಿ ಅನ್ನುವವರಿಗೆ ಔಷಧಿ ಸ್ಟೋರ್‌ನಿಂದ ಎರಡು ಮಾತು

ನಾನು ಮುಂಬೈ ಪಾಲಿಕೆಯ ಒಂದು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಔಷಧಿ ಸ್ಟೋರ್ ನನ್ನ ಕೈಯಲ್ಲಿದೆ. ಆಸ್ಪತ್ರೆಯ ಹೆಸರು ಬೇಡ, ಇನ್ನೂ ಸರ್ವಿಸ್ ಬಾಕಿ ಇದೆ.

ಮಾಟುಂಗದಲ್ಲಿ ನಮ್ಮ ಕನ್ನಡದವರು ನಾಲ್ಕು ಜನ ಸೇರಿದರೆ, ಸರ್ಕಾರಿ ಆಸ್ಪತ್ರೆಗೆ ಸ್ವಾಯತ್ತತೆ, ಅಂದ್ರೆ ತನ್ನ ವ್ಯವಹಾರ ತಾನೇ ನಡೆಸುವ ಸ್ವಾತಂತ್ರ್ಯ, ಕೊಡಬೇಕು ಅನ್ನುವ ಮಾತು ಬಂದೇ ಬರುತ್ತದೆ. ಪರೇಲ್‌ನ ಟಾಟಾ ಕ್ಯಾನ್ಸರ್ ಆಸ್ಪತ್ರೆ ನೋಡಿ, ಸ್ವಾಯತ್ತತೆ ಇದ್ದರೆ ಹಾಗಿರುತ್ತದೆ ಅಂತ ಒಬ್ಬರು. ಬೆಂಗಳೂರಿನ ಜಯದೇವ ನೋಡಿ ಅಂತ ಇನ್ನೊಬ್ಬರು. ಯೂನಿಯನ್‌ನವರು ಯಾರಾದರೂ ಇದ್ದರೆ, ಅದೆಲ್ಲ ಖಾಸಗಿಯವರಿಗೆ ಕೊಡುವ ಮೊದಲ ಮೆಟ್ಟಿಲು ಅಂತ ಟೇಬಲ್ ಕುಟ್ಟುತ್ತಾರೆ. ಯಾರ ಮಾತೂ ಪೂರ್ತಿ ಸುಳ್ಳಲ್ಲ. ಆದರೆ ಟಾಟಾ 1962ರಿಂದ ಕೇಂದ್ರದ ಅಣುಶಕ್ತಿ ಇಲಾಖೆಯ ಕೆಳಗಿದೆ, ಸ್ವಾತಂತ್ರ್ಯದ ಜೊತೆಗೆ ದಿಲ್ಲಿಯ ದುಡ್ಡೂ ಬರುತ್ತದೆ. ಅದನ್ನು ಮಾತ್ರ ಯಾರೂ ಹೇಳುವುದಿಲ್ಲ.

ನನಗೆ ಗೊತ್ತಿರುವುದು ಸ್ಟೋರ್. ಅಲ್ಲಿ ಸ್ವಾತಂತ್ರ್ಯ ಅಂದ್ರೆ ಒಂದೇ ಪ್ರಶ್ನೆ: ಇಂಜೆಕ್ಷನ್ ಖಾಲಿಯಾದರೆ ತರಿಸುವ ಅಧಿಕಾರ ಯಾರದು?

ನಮ್ಮಲ್ಲಿ ಹೆಚ್ಚಿನ ಔಷಧಿಯ ಟೆಂಡರ್ ಆಗುವುದು ಪಾಲಿಕೆಯ ಕೇಂದ್ರ ಖರೀದಿ ವಿಭಾಗದಲ್ಲಿ. ಟೆಂಡರ್ ತಡವಾಯಿತು, ಸಪ್ಲೈಯರ್ ಕೈ ಎತ್ತಿದ, ಅಷ್ಟೇ, ವಾರ್ಡಿನಲ್ಲಿ ಹೊರಗಿನ ಚೀಟಿ ಶುರು, ಅಂದ್ರೆ ಹೊರಗಿನ ಅಂಗಡಿಯಿಂದ ಕೊಂಡು ತನ್ನಿ ಅಂತ ಬರೆದುಕೊಡುವುದು. ಒಂದು ಸಂಜೆ ಕಲಬುರಗಿ ಕಡೆಯ ಗಾರೆ ಕೆಲಸದವರೊಬ್ಬರು ಚೀಟಿ ಹಿಡಿದು ನನ್ನ ಕಿಟಕಿಗೆ ಬಂದರು. ಹೆಂಡತಿ ವಾರ್ಡಿನಲ್ಲಿ. ನಾನು ಕನ್ನಡದಲ್ಲಿ ಫೋನ್ ಮಾಡುತ್ತಿದ್ದದ್ದು ಕೇಳಿಸಿರಬೇಕು. "ಅಣ್ಣಾರ, ಇದು ಒಳಗ ಸಿಗಂಗಿಲ್ಲೇನ್ರಿ?" ಅಂದರು. ಚೀಟಿಯಲ್ಲಿದ್ದದ್ದು ಸೆಫ್‌ಟ್ರಿಯಾಕ್ಸೋನ್. ಅದೇನು ಅಪರೂಪದ ಔಷಧಿಯಾ? ಯಾವ ವಾರ್ಡಿಗೆ ಹೋದರೂ ದಿನಾ ಬೇಕಾಗುವ ಆಂಟಿಬಯೋಟಿಕ್ ಅದು. ಸಿಗುವುದಿಲ್ಲ ಅಂದೆ. ಗೇಟಿನಾಚೆಯ ಮೆಡಿಕಲ್ ತೋರಿಸಿದೆ.

ಆಮೇಲೆ ಹಳೇ ರಿಜಿಸ್ಟರ್‌ಗಳನ್ನು ತೆಗೆದು ಕೂತೆ. ಆಗ ಕಂಡದ್ದು ಇದು: ಔಷಧಿ ಖಾಲಿ ಇದ್ದ ದಿನಗಳಲ್ಲಿ ಬಳಕೆ ಸೊನ್ನೆ ಅಂತ ಬರೆದಿರುತ್ತಾರೆ. ವರ್ಷದ ಕೊನೆಗೆ ಅದೇ ಸೊನ್ನೆಗಳನ್ನೂ ಸೇರಿಸಿ ಸರಾಸರಿ ತೆಗೆಯುತ್ತಾರೆ, ಮುಂದಿನ ವರ್ಷದ ಬೇಡಿಕೆ ಆ ಸರಾಸರಿಯ ಮೇಲೆ ಹೋಗುತ್ತದೆ. ಅಂದ್ರೆ ಈ ವರ್ಷ ಕೊರತೆಯಾಯಿತು ಅನ್ನುವ ಕಾರಣಕ್ಕೇ ಬರುವ ವರ್ಷವೂ ಕೊರತೆ! ಮೇಲಿನವರಿಗೆ ಹೋಗುವ ಕಾಗದದಲ್ಲಿ ಮಾತ್ರ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಹಾಗಾಗಿ ಖಾಲಿ ಇದ್ದ ದಿನಗಳನ್ನು ಲೆಕ್ಕದಿಂದ ಬಿಟ್ಟೆ. ಹೊರಗಿನ ಚೀಟಿ ಬರೆದಾಗಲೆಲ್ಲ ಔಷಧಿಯ ಹೆಸರು, ಎಷ್ಟು ಅಂತ ಒಂದು ನೋಟ್‌ಬುಕ್‌ನಲ್ಲಿ ಗುರುತು ಹಾಕಿಡಿ ಅಂತ ವಾರ್ಡಿನ ಸಿಸ್ಟರ್‌ಗಳನ್ನು ಕೇಳಿಕೊಂಡೆ. ಮೊದಲು ಬೈದರು, ಅವರಿಗೇನು ಕೆಲಸ ಕಡಿಮೆಯಾ? ಆಮೇಲೆ ಒಬ್ಬೊಬ್ಬರಾಗಿ ಬರೆಯತೊಡಗಿದರು, ಯಾಕಂದ್ರೆ ಸಂಬಂಧಿಕರ ಸಿಟ್ಟು ಬೀಳುವುದು ಅವರ ಮೇಲೆಯೇ. ಆ ಲೆಕ್ಕ ಸೇರಿಸಿದಾಗ ಬೇಡಿಕೆ ಬೇರೆಯೇ ಆಯಿತು. ಆರ್ಡರ್ ಹಾಕುವ ಹೊತ್ತನ್ನೂ ಬದಲಿಸಿದೆ. ಉದಾಹರಣೆಗೆ, ದಿನಕ್ಕೆ 40 ವಯಲ್ ಹೋಗುತ್ತದೆ, ಮಾಲು ಬರಲು 45 ದಿನ ಬೇಕು ಅಂತಿಟ್ಟುಕೊಳ್ಳಿ. ಸ್ಟಾಕ್ 1800ಕ್ಕೆ ಇಳಿಯುವ ಮೊದಲೇ ಆರ್ಡರ್ ಹೋಗಬೇಕು. ಪೆಟ್ಟಿಗೆಯ ತಳ ಕಂಡ ಮೇಲೆ ಎದ್ದರೆ ಏನು ಪ್ರಯೋಜನ?

ಇಷ್ಟಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. ಆದರೆ ಇದರಾಚೆಗೆ ಗೋಡೆ. ಲೋಕಲ್ ಪರ್ಚೇಸ್, ಅಂದ್ರೆ ಆಸ್ಪತ್ರೆಯೇ ನೇರವಾಗಿ ಕೊಳ್ಳುವುದಕ್ಕೆ, ಆಸ್ಪತ್ರೆಯ ಮುಖ್ಯಸ್ಥರಾದ ಡೀನ್‌ಗೆ ಅಧಿಕಾರ ಇದೆ, ಅದಕ್ಕೊಂದು ಮಿತಿಯೂ ಇದೆ. ಕೊಟೇಶನ್ ತರಿಸಬೇಕು. ಅವಸರಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪ ತರಿಸಿದರೆ, ಮಿತಿ ತಪ್ಪಿಸಲು ಖರೀದಿ ಒಡೆದಿದ್ದೀರಿ ಅಂತ ಆಡಿಟ್‌ನವರು ಆಕ್ಷೇಪ ಎತ್ತುತ್ತಾರೆ. ರೋಗಿ ಹೊರಗೆ ದುಪ್ಪಟ್ಟು ದುಡ್ಡು ಕೊಟ್ಟು ತಂದರೆ ಮಾತ್ರ ಯಾವ ಆಡಿಟ್‌ನಲ್ಲೂ ಬರುವುದಿಲ್ಲ. ನನ್ನ ಸಿಟ್ಟೆಲ್ಲ ಇದರ ಮೇಲೆ.

ಹಾಗಾದರೆ ಎಲ್ಲ ಖರೀದಿಯೂ ಆಸ್ಪತ್ರೆಗೇ ಬಿಡಬೇಕಾ? ಬೇಡಪ್ಪ. ಒಬ್ಬೊಬ್ಬರೇ ಚೌಕಾಸಿಗೆ ಹೋದರೆ ದರ ಏರುತ್ತದೆ, ಕಮಿಷನ್ ವ್ಯವಹಾರವೂ ಶುರುವಾಗುತ್ತದೆ. ತಮಿಳುನಾಡಿನಲ್ಲಿ 1990ರ ದಶಕದಿಂದ ಒಂದು ಒಳ್ಳೆಯ ಪದ್ಧತಿ ಇದೆ. ದರ ನಿಗದಿ, ಗುಣಮಟ್ಟದ ಪರೀಕ್ಷೆ ಎಲ್ಲ ಸರ್ಕಾರದ ಔಷಧಿ ನಿಗಮದ್ದು. ಆಸ್ಪತ್ರೆಗೆ ಒಂದು ಪಾಸ್‌ಬುಕ್, ಅದರಲ್ಲಿ ಇಷ್ಟು ಮೊತ್ತ ಅಂತ ಜಮೆ. ಯಾವ ಔಷಧಿ ಎಷ್ಟು ಬೇಕು ಅಂತ ಆಸ್ಪತ್ರೆಯೇ ಹೇಳಿ ಗೋದಾಮಿನಿಂದ ತೆಗೆದುಕೊಳ್ಳುತ್ತದೆ. ನನಗೆ ಬೇಕಾದ ಸ್ವಾತಂತ್ರ್ಯ ಇಷ್ಟೇ. ಮಹಾರಾಷ್ಟ್ರ ಸರ್ಕಾರ 2017ರಲ್ಲಿ ತನ್ನ ಆಸ್ಪತ್ರೆಗಳ ಖರೀದಿಯನ್ನು ತನ್ನದೇ ಔಷಧಿ ಕಂಪನಿ ಹಾಫ್‌ಕಿನ್‌ಗೆ ಕೊಟ್ಟಿತು, ತಡ ತಡ ಅಂತ ದೂರು ಬಂದವು, 2023ರಲ್ಲಿ ಬೇರೆ ಪ್ರಾಧಿಕಾರಕ್ಕೆ ಕಾನೂನು ತಂದಿತು. ಕುರ್ಚಿ ಬದಲಾಯಿತು ಸರಿ, ಆಸ್ಪತ್ರೆಯ ಕೈಗೆ ಏನು ಬಂತು ಅಂತ ಕೇಳಬೇಕಲ್ವಾ?

ಇನ್ನು ರಾಜಕೀಯದವರು ಸ್ವಾಯತ್ತತೆ ಅಂದಾಗ ನನಗೆ ಹೆದರಿಕೆ ಆಗುವುದು ಗಳಿಕೆಯ ಮಾತಿಗೆ. ಇಂದೋರ್‌ನ ಸರ್ಕಾರಿ ಆಸ್ಪತ್ರೆಯಲ್ಲಿ 1990ರ ದಶಕದಲ್ಲಿ ರೋಗಿ ಕಲ್ಯಾಣ ಸಮಿತಿ ಶುರುವಾಯಿತು, ಆಸ್ಪತ್ರೆಯೇ ಶುಲ್ಕ ತೆಗೆದುಕೊಂಡು ಅಲ್ಲೇ ಖರ್ಚು ಮಾಡಬಹುದು ಅಂತಾಯಿತು. 2005ರ ನಂತರ ಅದೇ ಪದ್ಧತಿ ದೇಶದಲ್ಲೆಲ್ಲ ಬಂತು, ಕರ್ನಾಟಕದಲ್ಲಿ ಆರೋಗ್ಯ ರಕ್ಷಾ ಸಮಿತಿ ಅಂತಾರೆ. ಬಲ್ಬು, ನಲ್ಲಿ, ಸಣ್ಣ ರಿಪೇರಿಗೆ ಅದು ವರದಾನ, ಸುಳ್ಳಲ್ಲ. ಆದರೆ ಆಸ್ಪತ್ರೆ ತನ್ನ ಖರ್ಚು ತಾನೇ ದುಡಿಯಲಿ ಅಂದ ಕೂಡಲೇ ಕಲಬುರಗಿಯ ಆ ಮನುಷ್ಯ ಗಿರಾಕಿಯಾಗುತ್ತಾನೆ. ಬ್ರಿಟನ್‌ನಲ್ಲಿ 2003ರ ಕಾನೂನಿನಿಂದ ಫೌಂಡೇಶನ್ ಟ್ರಸ್ಟ್ ಅಂತ ಆಸ್ಪತ್ರೆಗಳಿಗೆ ಸ್ವಾತಂತ್ರ್ಯ ಕೊಟ್ಟರು, ಆಳುವ ಲೇಬರ್ ಪಕ್ಷದೊಳಗೇ ಜಗಳವಾಯಿತು. ಅಲ್ಲಿನ ಮಿಡ್ ಸ್ಟಾಫರ್ಡ್‌ಶೈರ್ ಟ್ರಸ್ಟ್ ಆ ದರ್ಜೆ ಪಡೆಯುವ ಭರದಲ್ಲಿ ನರ್ಸುಗಳನ್ನು ಕಡಿಮೆ ಮಾಡಿತು, ರೋಗಿಗಳ ಗತಿ ಏನಾಯಿತು ಅಂತ ಅದರ ಬಗ್ಗೆ ನಡೆದ ಸರ್ಕಾರಿ ವಿಚಾರಣೆಯ 2013ರ ಫ್ರಾನ್ಸಿಸ್ ವರದಿ ಹೇಳುತ್ತದೆ. ಲೆಕ್ಕಪತ್ರ ಚೆನ್ನಾಗಿ ಕಾಣಬೇಕು ಅಂತ ಹೊರಟರೆ ಮೊದಲು ಕತ್ತರಿ ಬೀಳುವುದು ಸಿಸ್ಟರ್‌ಗಳ ಮೇಲೆ.

ಖರ್ಚು ಮಾಡುವ ಸ್ವಾತಂತ್ರ್ಯ ಕೊಡಿ, ದುಡಿಯುವ ಸ್ವಾತಂತ್ರ್ಯ ನೀವೇ ಇಟ್ಟುಕೊಳ್ಳಿ. ಜೊತೆಗೆ, ಇವತ್ತು ಸ್ಟೋರ್‌ನಲ್ಲಿ ಏನಿದೆ, ಏನಿಲ್ಲ ಅನ್ನುವ ಪಟ್ಟಿ ಗೇಟಿನ ಹತ್ತಿರ ದಿನಾ ಹಾಕುವುದು ಕಡ್ಡಾಯವಾಗಲಿ. ನಮ್ಮಲ್ಲಿ ನಾನು ಅದನ್ನು ಕೇಳಿದ್ದೆ, ಸುಮ್ನೆ ಗಲಾಟೆಯಾಗುತ್ತದೆ ಬೇಡ ಅಂದರು. ಆಗಲಿ ಬಿಡಿ, ಈಗೇನು ಗಲಾಟೆ ಇಲ್ವಾ? ಈಗ ಆ ಗಲಾಟೆ ವಾರ್ಡಿನಲ್ಲಿ ಸಿಸ್ಟರ್ ಮುಂದೆ ಆಗುತ್ತಿದೆ, ಅಷ್ಟೇ ವ್ಯತ್ಯಾಸ.