ಚಹಾ ತೋಟಕ್ಕೆ ದುಡ್ಡು ಹಾಕುವ ಮುಂಚೆ ಲೆಕ್ಕ ಹಾಕುವುದು ಹೇಗೆ?

ನಮ್ಮ ಮಾವ ಮೆಕ್ಕೆಜೋಳ ಮಾರಿಕೊಂಡು ದಾವಣಗೆರೆಗೆ ಬಂದಾಗಲೆಲ್ಲ ಒಂದು ಒನ್ ಬೈ ಟೂ ಆಗಲೇಬೇಕು. ಹೋದ ಸಲ ಲೋಟ ಕೈಗೆ ಬಂದ ಮೇಲೆ ಕುಡಿಯಲೇ ಇಲ್ಲ, ಅದನ್ನೇ ನೋಡುತ್ತಾ ಕೂತರು. 'ಅಳಿಯಾ, ಜನ ದಿನಕ್ಕೆ ನಾಲ್ಕು ಸಲ ಇದನ್ನ ಕುಡೀತಾರೆ. ನಾವು ವರ್ಷಕ್ಕೊಂದು ಸಲ ಜೋಳ ಮಾರಿ ರೇಟು ಬಿತ್ತು ಅಂತ ಅಳ್ತೀವಿ. ಚಹಾನೇ ಹಾಕಿದ್ರೆ ಹೆಂಗೆ?' ಎಂದರು. ಚಿಕ್ಕಮಗಳೂರು ಕಡೆ ಯಾರೋ ಒಂದಿಷ್ಟು ಜಮೀನು ತೋರಿಸಿದ್ದರಂತೆ.

ಪ್ರಶ್ನೆ ತಪ್ಪೇನಲ್ಲ. ಭಾರತದಲ್ಲಿ ವರ್ಷಕ್ಕೆ 130 ಕೋಟಿ ಕೆ.ಜಿ. ಆಸುಪಾಸು ಚಹಾ ಆಗುತ್ತದೆ. ಅದರಲ್ಲಿ ಸುಮಾರು ಶೇ 80ರಷ್ಟನ್ನು ನಾವೇ ಕುಡಿದು ಮುಗಿಸುತ್ತೇವೆ. ಎಲೆಯಲ್ಲಿ ಅರ್ಧದಷ್ಟು ಬರುವುದು ದೊಡ್ಡ ಎಸ್ಟೇಟುಗಳಿಂದಲ್ಲ, ಸಣ್ಣ ಬೆಳೆಗಾರರಿಂದ. ಆದರೂ ಲೋಟ ನೋಡಿ ತೋಟ ಕೊಳ್ಳಬಾರದು. ಅವತ್ತು ಮಾವನ ಜೊತೆ ಕೂತು ಹಾಕಿದ ಲೆಕ್ಕ ಇದು.

ಮೊದಲು ಮಳೆ, ಆಮೇಲೆ ಮಾತು

ಚಹಾಕ್ಕೆ ವರ್ಷಕ್ಕೆ 1,200 ಮಿ.ಮೀ.ಗಿಂತ ಕಡಿಮೆ ಮಳೆ ಆಗುವುದಿಲ್ಲ. ಅದೂ ಎರಡು ತಿಂಗಳಲ್ಲಿ ಸುರಿದು ಹೋದರೆ ಸಾಲದು, ಹರಡಿಕೊಂಡು ಬೀಳಬೇಕು. ಚಿತ್ರದುರ್ಗ ಜಿಲ್ಲೆಯ ಬಹುಪಾಲು ಕಡೆ ಅದರ ಅರ್ಧ ಬಿದ್ದರೇ ಹೆಚ್ಚು. ಮಣ್ಣು ಹುಳಿ ಇರಬೇಕು, ಪಿ.ಎಚ್. 4.5ರಿಂದ 5.5. ನಮ್ಮ ಎರೆ ಭೂಮಿ ಇದಕ್ಕೆ ಪೂರ್ತಿ ಉಲ್ಟಾ. 'ಡ್ರಿಪ್ ಹಾಕಿದ್ರೆ?' ಅಂದರು ಮಾವ. ಬೋರ್‌ವೆಲ್ ನೀರು ಬೇರಿಗೆ ಹೋಗಬಹುದು, ಏಪ್ರಿಲ್‌ನ ಒಣ ಗಾಳಿಗೆ ಏನು ಮಾಡ್ತೀರಿ? ಚಿಗುರು ಅಲ್ಲೇ ನಿಲ್ಲುತ್ತದೆ. ಕರ್ನಾಟಕದಲ್ಲಿ ಚಹಾ ಇರುವುದು ಚಿಕ್ಕಮಗಳೂರು, ಕೊಡಗು, ಹಾಸನದ ಬೆಟ್ಟಗಳಲ್ಲಿ, ಎಲ್ಲ ಸೇರಿ ಎರಡು ಸಾವಿರ ಹೆಕ್ಟೇರ್ ಆಸುಪಾಸು. ಹಾಗಾಗಿ ಹರಿಹರ, ಹೊಳಲ್ಕೆರೆಯ ಮಾತು ಇಲ್ಲಿಗೆ ಬಿಟ್ಟುಬಿಡಿ.

ಲೋಟದಿಂದ ಹಿಂದಕ್ಕೆ ಹೋಗಿ

ಒಂದು ಟೀಗೆ ಎರಡು, ಎರಡೂವರೆ ಗ್ರಾಂ ಪುಡಿ ಸಾಕು. ಒಂದು ಕೆ.ಜಿ. ಪುಡಿಗೆ ನಾಲ್ಕೂವರೆ ಕೆ.ಜಿ. ಹಸಿ ಎಲೆ ಬೇಕು. ಅಂದರೆ ಲೋಟಕ್ಕೆ ಹೆಚ್ಚೆಂದರೆ 11 ಗ್ರಾಂ ಎಲೆ. ಹಸಿ ಎಲೆಗೆ ಕೆ.ಜಿ.ಗೆ 25 ರೂಪಾಯಿ ಅಂತ ಇಟ್ಟುಕೊಳ್ಳಿ (ರೇಟು ತಿಂಗಳು ತಿಂಗಳು ಬದಲಾಗುತ್ತದೆ, ಇದು ಲೆಕ್ಕಕ್ಕೆ ಮಾತ್ರ). ಟೀ 12 ರೂಪಾಯಿ ಆದರೆ ಬೆಳೆದವನಿಗೆ 28 ಪೈಸೆ. ಹಾಲಿನವನಿಗೇ ಜಾಸ್ತಿ ಸಿಗುತ್ತದೆ. ಮಾವ ಲೋಟ ಕೆಳಗಿಟ್ಟರು.

ಎಕರೆ ಲೆಕ್ಕ

ಎಕರೆಗೆ ಐದು ಸಾವಿರದಷ್ಟು ಗಿಡ ಹಿಡಿಯುತ್ತವೆ. ಕೊಯ್ಲು ಶುರುವಾಗಲು ಮೂರು ವರ್ಷ ಬೇಕು, ಪೂರ್ತಿ ಇಳುವರಿಗೆ ಐದಾರು ವರ್ಷ. ಅಷ್ಟರವರೆಗೆ ಮನೆ ಖರ್ಚು ಎಲ್ಲಿಂದ ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಗಿಡ ಐವತ್ತು ವರ್ಷಕ್ಕೂ ಮೋಸ ಮಾಡುವುದಿಲ್ಲ. ದಾಳಿಂಬೆಗೆ ಚಾಟಣಿ ಮಾಡುವ ಹಾಗೆ ನಾಲ್ಕೈದು ವರ್ಷಕ್ಕೊಮ್ಮೆ ಇದನ್ನೂ ತಗ್ಗಿಸಿ ಕತ್ತರಿಸಬೇಕು. ಆಗ ಎರಡು ಮೂರು ತಿಂಗಳು ಎಲೆ ಇರುವುದಿಲ್ಲ.

ಚೆನ್ನಾಗಿರುವ ತೋಟದಲ್ಲಿ ಎಕರೆಗೆ ವರ್ಷಕ್ಕೆ 4,000 ಕೆ.ಜಿ. ಹಸಿ ಎಲೆ ಎಂದುಕೊಳ್ಳೋಣ. 25ರಂತೆ ಒಂದು ಲಕ್ಷ. ಖುಷಿಪಡಬೇಡಿ, ಇನ್ನೂ ಕೊಯ್ದಿಲ್ಲ. ವಾರ, ಹತ್ತು ದಿನಕ್ಕೊಮ್ಮೆ ಎರಡೆಲೆ ಒಂದು ಕುಡಿ ಚಿವುಟಬೇಕು. ಕೈಯಲ್ಲಿ ಒಬ್ಬರು ದಿನಕ್ಕೆ 25 ಕೆ.ಜಿ. ಕೊಯ್ದರೆ 160 ಆಳು ಆಯಿತು. ಕೂಲಿ 450 ಹಿಡಿದರೆ 72,000 ರೂಪಾಯಿ. ಉಳಿದ 28,000ದಲ್ಲಿ ಗೊಬ್ಬರ, ಔಷಧಿ, ಕಳೆ, ಸಾಗಣೆ ಎಲ್ಲ ಮುಗಿಯಬೇಕು. ಕತ್ತರಿಯಲ್ಲಿ ದಿನಕ್ಕೆ 50 ಕೆ.ಜಿ. ಕೊಯ್ದರೆ ಕೂಲಿ ಅರ್ಧಕ್ಕೆ ಇಳಿಯುತ್ತದೆ. ಆದರೆ ಬಲಿತ ಎಲೆ ಸೇರಿದರೆ ರೇಟೂ ಇಳಿಯುತ್ತದೆ.

ಸಣ್ಣ ರೈತರು ಈ ಬೆಳೆಯಲ್ಲಿ ನಿಂತಿರುವ ಗುಟ್ಟು ಇಲ್ಲೇ ಇದೆ. ಮನೆಯವರೇ ಕೊಯ್ದರೆ ಆ 72,000 ಮನೆಯಲ್ಲೇ ಉಳಿಯುತ್ತದೆ, ಅದೂ ತಿಂಗಳ ಸಂಬಳದ ಹಾಗೆ. ಬಡ ದೇಶಗಳಿಗೆ ಚಹಾ ಇಷ್ಟ ಆಗುವುದೂ ಇದಕ್ಕೇ. ಹಳ್ಳಿಯಲ್ಲಿ ವರ್ಷದ ಬಹುಪಾಲು ಕೆಲಸ ಇರುತ್ತದೆ. ದಾವಣಗೆರೆಯಲ್ಲಿ ಕೂತು ಬೆಟ್ಟದ ಮೇಲೆ ಕೂಲಿಯಿಂದ ಮಾಡಿಸುವವರಿಗೆ ಈ ಲಾಭ ಇಲ್ಲ.

ಫ್ಯಾಕ್ಟರಿ ಯಾರದು ಅಂತ ಕೇಳಿ

ನನ್ನ ಪ್ರಕಾರ ಮುಖ್ಯ ಪ್ರಶ್ನೆ ಇದೇ. ಅಡಿಕೆಯನ್ನು ಬೇಯಿಸಿ ಒಣಗಿಸಿ ರೇಟು ಬರುವವರೆಗೆ ಮನೆಯಲ್ಲಿಡಬಹುದು. ಚಹಾ ಎಲೆ ಹಾಗಲ್ಲ. ಕೊಯ್ದ ಕೆಲವೇ ಗಂಟೆಯಲ್ಲಿ ಫ್ಯಾಕ್ಟರಿ ಸೇರದಿದ್ದರೆ ಚೀಲದಲ್ಲೇ ಬಿಸಿಯಾಗಿ ಕೆಂಪಗಾಗುತ್ತದೆ. ಹತ್ತಿರ ಒಂದೇ ಫ್ಯಾಕ್ಟರಿ ಇದ್ದರೆ ಅವರು ಹೇಳಿದ್ದೇ ರೇಟು.

ಕೀನ್ಯಾ ಇದಕ್ಕೊಂದು ದಾರಿ ಹುಡುಕಿತು. ಅಲ್ಲಿ 1964ರಲ್ಲಿ ಸಣ್ಣ ರೈತರಿಗಾಗಿಯೇ ಸರ್ಕಾರಿ ಚಹಾ ಸಂಸ್ಥೆ ಶುರುವಾಯಿತು. 2000ದಲ್ಲಿ ಅದು ಖಾಸಗಿ ಕಂಪನಿಯಾಯಿತು, ಫ್ಯಾಕ್ಟರಿಗಳ ಷೇರು ರೈತರ ಕೈಯಲ್ಲಿದೆ. ಕಾಲು ಎಕರೆ, ಅರ್ಧ ಎಕರೆಯವರೂ ಸೇರಿ ಲಕ್ಷಾಂತರ ಕುಟುಂಬಗಳು ಹತ್ತಿರದ ಕೇಂದ್ರಕ್ಕೆ ಎಲೆ ಕೊಡುತ್ತವೆ. ತಿಂಗಳು ತಿಂಗಳು ಒಂದಿಷ್ಟು ದುಡ್ಡು, ವರ್ಷದ ಕೊನೆಗೆ ಬೋನಸ್. ನಮ್ಮ ಚನ್ನಗಿರಿಯ ಅಡಿಕೆ ಬೆಳೆಗಾರರ ಸಹಕಾರ ಸಂಘ ತುಮ್ಕೋಸ್ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಬೋನಸ್ ಕಡಿಮೆ ಬಂತು ಅಂತ ಅಲ್ಲೂ ಜಗಳ ಇದ್ದೇ ಇದೆ. ಹೆಚ್ಚಿನ ಚಹಾ ಮೊಂಬಾಸಾ ಹರಾಜಿನಿಂದ ಪೊಟ್ಟಣ ಕಟ್ಟದೆ ಸಗಟಾಗಿಯೇ ಹೊರದೇಶಕ್ಕೆ ಹೋಗುತ್ತದೆ. ಪೊಟ್ಟಣ ಕಟ್ಟಿ ಹೆಸರು ಹಾಕಿದವರಿಗೆ ಅದರ ಲಾಭ.

ನೀಲಗಿರಿಯ ಕಥೆ ಬೇರೆ. ಅಲ್ಲಿನ ಸಣ್ಣ ಬೆಳೆಗಾರರಲ್ಲಿ ಬಡಗರು ಜಾಸ್ತಿ, ಅವರ ಮಾತು ನಮ್ಮ ಕನ್ನಡಕ್ಕೆ ಹತ್ತಿರ. ಅಲ್ಲಿ ಸಹಕಾರಿ ಫ್ಯಾಕ್ಟರಿಗಳೂ ಇವೆ, ಎಲೆ ಕೊಂಡು ಪುಡಿ ಮಾಡುವ ಖಾಸಗಿಯವರೂ ಇದ್ದಾರೆ. ಪುಡಿ ಮಾರಿದ ದುಡ್ಡಿನಲ್ಲಿ ಶೇ 65 ಬೆಳೆಗಾರನಿಗೆ, ಶೇ 35 ಫ್ಯಾಕ್ಟರಿಗೆ ಎಂಬ ಸೂತ್ರವಿದೆ. ಆದರೂ ಎಲೆ ರೇಟಿಗಾಗಿ ಅಲ್ಲಿ ಧರಣಿ ಕೂರುವುದು ನಿಂತಿಲ್ಲ. ಹರಾಜಿನಲ್ಲೇ ರೇಟು ಬಿದ್ದರೆ ಶೇ 65 ಎಷ್ಟು ಆದೀತು?

ಕೊನೆಗೆ, ತಕ್ಕಡಿ ಹತ್ತಿರ ನಿಲ್ಲಿ

ಇಷ್ಟಾದ ಮೇಲೂ ಆಸೆ ಉಳಿದರೆ ದಾಖಲೆ ನೋಡಿ. 10.12 ಹೆಕ್ಟೇರ್, ಅಂದರೆ 25 ಎಕರೆವರೆಗೆ ಚಹಾ ಮಂಡಳಿಯ ಲೆಕ್ಕದಲ್ಲಿ ನೀವು ಸಣ್ಣ ಬೆಳೆಗಾರರು. ಜಮೀನು ತೋರಿಸುವವರ ಕಾರಿನಲ್ಲಿ ಮಾತ್ರ ಹೋಗಬೇಡಿ. ಕೊಯ್ಲಿನ ದಿನ, ಮಳೆ ಇರುವಾಗ, ಒಬ್ಬರೇ ಹೋಗಿ. ಎಲೆ ತೂಗುವ ಕಡೆ ಒಂದು ಗಂಟೆ ಸುಮ್ನೆ ನಿಂತುಕೊಳ್ಳಿ. ಒದ್ದೆ ಎಲೆ ಅಂತ ಎಷ್ಟು ಕೆ.ಜಿ. ಕಳೆದರು, ಚೀಲಕ್ಕೆ ಎಷ್ಟು ಕಳೆದರು, ಹಿಂದಿನ ತಿಂಗಳ ದುಡ್ಡು ಬಂತಾ ಅಂತ ಕೊಟ್ಟವರನ್ನೇ ಕೇಳಿ.

'ಅಲ್ಲೂ ನಮ್ಮ ಮಂಡಿ ಥರ ತೂಕದಲ್ಲಿ ಸೂಟು ಅಂತ ಕಳೀತಾರಾ?' ಅಂದರು ಮಾವ. ಆಮೇಲೆ ಇನ್ನೊಂದು ಒನ್ ಬೈ ಟೂ ಹೇಳಿದರು.