ಫೋನಿನ ಬೀಗ ಗಟ್ಟಿಯಾಗಿರಲಿ, ಬೇಜಾರು ತರದಿರಲಿ

ಉದ್ದದ ಪಾಸ್‌ವರ್ಡ್ ಇಟ್ಟವರು ಎರಡು ದಿನ ಒದ್ದಾಡಿ, ಕೊನೆಗೆ 1234ಕ್ಕೆ ಬಂದು ನಿಲ್ಲುತ್ತಾರೆ. ಬ್ಯಾಂಕ್, ಯುಪಿಐ, ಮನೆಯವರ ಫೋಟೊ ಎಲ್ಲ ಅದೇ ಫೋನಿನಲ್ಲಿ ಇರುತ್ತವೆ ಅಲ್ವಾ? ಇದಕ್ಕೆ ದಾರಿ ಇದೆ. ಪಿನ್ ಗಟ್ಟಿಯಾಗಿರಬೇಕು, ಆದರೆ ಅದನ್ನು ದಿನವಿಡೀ ಒತ್ತುವಂತಿರಬಾರದು.

ಮೊದಲು ಸೆಟ್ಟಿಂಗ್ಸ್‌ನಲ್ಲಿ ಸ್ಕ್ರೀನ್ ಲಾಕ್ ತೆರೆದು ಆರು ಅಂಕಿಯ ಪಿನ್ ಇಡಿ. ನಾಲ್ಕು ಅಂಕಿಯಲ್ಲಿ 10,000 ಪಿನ್ ಸಾಧ್ಯ, ಆರರಲ್ಲಿ 10 ಲಕ್ಷ. ಕೆಲವು ಸಲ ತಪ್ಪು ಒತ್ತಿದರೆ ಫೋನ್ ಕಾಯಿಸುತ್ತದೆ. ಹೀಗಾಗಿ ಕಳ್ಳ ಎಲ್ಲವನ್ನೂ ಒಂದೊಂದಾಗಿ ಒತ್ತಿ ನೋಡಲಾರ, ಸುಲಭವಾಗಿ ಊಹಿಸಬಹುದಾದ್ದನ್ನು ಮಾತ್ರ ನೋಡುತ್ತಾನೆ. ಹುಟ್ಟಿದ ದಿನ, ಗಾಡಿ ನಂಬರ್, ಮೊಬೈಲಿನ ಕೊನೆಯ ಅಂಕಿಗಳು ಬೇಡ. ಊರಿನ ಪಿನ್‌ಕೋಡ್ ಅಂತೂ ಬೇಡವೇ ಬೇಡ. ಧಾರವಾಡದ 580001, ಗದಗಿನ 582101, ಹಾವೇರಿಯ 581110 ಆರಂಕಿಯವೇ, ಆದರೆ ಊರಿಗೆಲ್ಲ ಗೊತ್ತಿರುವಂಥವು. ಯುಪಿಐ ಪಿನ್ ಕೂಡ ಬೇರೆಯೇ ಇರಲಿ. ಒಂದು ಗೊತ್ತಾದರೆ ಎರಡೂ ಹೋಗಬಾರದು.

ಗೆರೆ ಎಳೆಯುವ ಪ್ಯಾಟರ್ನ್ ಲಾಕ್ ನನಗೆ ಅಷ್ಟು ಒಪ್ಪಿಗೆಯಿಲ್ಲ. ಹುಬ್ಬಳ್ಳಿ-ಧಾರವಾಡದ ತುಂಬಿದ ಚಿಗರಿ ಬಸ್ಸಿನಲ್ಲಿ ಪಕ್ಕ ನಿಂತವರಿಗೆ ಅಂಕಿಗಿಂತ ಗೆರೆ ಬೇಗ ನೆನಪಿರುತ್ತದೆ. ಬೆರಳಿನ ಜಿಡ್ಡೂ ಗಾಜಿನ ಮೇಲೆ ದಾರಿ ತೋರಿಸುತ್ತದೆ. ಪ್ಯಾಟರ್ನೇ ಬೇಕೆಂದರೆ, ಗೆರೆ ಕಾಣದಂತೆ ಮಾಡುವ ಆಯ್ಕೆಯನ್ನಾದರೂ ಆನ್ ಮಾಡಿ.

ಆಮೇಲೆ ಬೆರಳಚ್ಚು. ಬೇಜಾರು ಕಳೆಯುವುದು ಇದೇ. ದಿನದ ಹೆಚ್ಚಿನ ಸಲ ಬೆರಳು ಇಟ್ಟರೆ ಸಾಕು. ಫೋನ್ ಆಫ್ ಮಾಡಿ ಆನ್ ಮಾಡಿದಾಗ ಮತ್ತು ಆಗೊಮ್ಮೆ ಈಗೊಮ್ಮೆ ಮಾತ್ರ ಪಿನ್ ಕೇಳುತ್ತದೆ. ಜನರ ಮುಂದೆ ಪಿನ್ ಒತ್ತುವುದೂ ಕಡಿಮೆಯಾಗುತ್ತದೆ. ಹೊಲದಲ್ಲಿ ದುಡಿಯುವವರ, ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಆರಿಸುವವರ ಬೆರಳ ಗೆರೆ ಸವೆದಿರುತ್ತದೆ, ಒಡೆದಿರುತ್ತದೆ. ಅಂಥವರು ಕೈ ತೊಳೆದು ಒರೆಸಿಕೊಂಡು, ಎರಡೂ ಕೈಯ ಹೆಬ್ಬೆರಳು ಮತ್ತು ತೋರುಬೆರಳನ್ನು ಸೇರಿಸಬೇಕು. ಒಂದೇ ಬೆರಳನ್ನು ಎರಡು ಸಲ ಸೇರಿಸಿದರೂ ಹಲವು ಫೋನುಗಳಲ್ಲಿ ಬೇಗ ಗುರುತು ಹತ್ತುತ್ತದೆ. ಅಜ್ಜ ಅಜ್ಜಿಯ ಫೋನಿಗೆ ಲಾಕೇ ಬೇಡ ಎಂದು ತೆಗೆಯುವ ಮೊದಲು ಇದನ್ನು ಮಾಡಿ ನೋಡಿ. ನಂಬಿಕೆಯ ಮನೆಮಂದಿಯ ಒಂದು ಬೆರಳೂ ಇರಲಿ.

ಸ್ಕ್ರೀನ್ ತಾನೇ ಆರುವ ಸಮಯವನ್ನು 30 ಸೆಕೆಂಡಿಗೆ ಇಡಿ. ಪವರ್ ಬಟನ್ ಒತ್ತಿದ ಕೂಡಲೇ ಲಾಕ್ ಆಗಲಿ.

ತುಂಬಾ ಜನ ಬಿಡುವುದು ನೋಟಿಫಿಕೇಶನ್. ಫೋನ್ ಲಾಕ್ ಆಗಿದ್ದರೂ ಮೆಸೇಜಿನ ಒಟಿಪಿ ಮೇಲೆಯೇ ಕಾಣುತ್ತಿದ್ದರೆ ಪಿನ್ ಇದ್ದೂ ಏನು ಬಂತು? ಲಾಕ್ ಸ್ಕ್ರೀನ್ ಸೆಟ್ಟಿಂಗಿನಲ್ಲಿ ಖಾಸಗಿ ವಿಷಯ ಮುಚ್ಚಿಡುವ ಆಯ್ಕೆ ಇರುತ್ತದೆ, ಅದನ್ನು ಒತ್ತಿ. ಬಂದಿದೆ ಎಂದಷ್ಟೇ ಕಾಣುತ್ತದೆ, ಒಳಗೇನಿದೆ ಎಂದು ಕಾಣುವುದಿಲ್ಲ.

ಕೊನೆಗೆ ಸಿಮ್. ಕದ್ದವರು ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ನಿಮ್ಮ ಒಟಿಪಿ ಅವರಿಗೇ ಹೋಗುತ್ತದೆ. ಸಿಮ್ಮಿಗೇ ಪಿನ್ ಇಡುವ ಸಿಮ್ ಲಾಕ್ ಇದನ್ನು ತಡೆಯುತ್ತದೆ, ಫೋನ್ ಆನ್ ಮಾಡಿದಾಗ ಅಥವಾ ಸಿಮ್ ಬೇರೆ ಫೋನಿಗೆ ಹಾಕಿದಾಗ ಮಾತ್ರ ಆ ಪಿನ್ ಕೇಳುತ್ತದೆ. ಸಿಮ್‌ನ ಈಗಿನ ಪಿನ್ ಯಾವುದೆಂದು ಕಂಪನಿಯವರನ್ನು ಕೇಳಿಯೇ ಆನ್ ಮಾಡಿ, ಸುಮ್ನೆ ಊಹಿಸಬೇಡಿ. ಮೂರು ಸಲ ತಪ್ಪಿದರೆ ಸಿಮ್ ಬೀಗ ತೆರೆಯುವ ಪಿಯುಕೆ ಸಂಖ್ಯೆ ಕೇಳುತ್ತದೆ. ಅದನ್ನೂ ಹತ್ತು ಸಲ ತಪ್ಪು ಒತ್ತಿದರೆ ಹೊಸ ಸಿಮ್ಮೇ ಬೇಕಾಗುತ್ತದೆ.

ಫೋನ್ ಕಳೆದರೆ ಮೊದಲು ಸಿಮ್ ಬಂದ್ ಮಾಡಿಸಿ, ಬ್ಯಾಂಕಿಗೆ ತಿಳಿಸಿ, ಪೊಲೀಸರಿಗೆ ದೂರು ಕೊಡಿ. ಆ ದೂರಿನ ಪ್ರತಿ ಇಟ್ಟುಕೊಂಡು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಫೋನನ್ನೂ ಬ್ಲಾಕ್ ಮಾಡಿಸಬಹುದು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಫೋನ್ ಬ್ಲಾಕ್ ಮಾಡಲು ಅದರ ಗುರುತಿನ ಸಂಖ್ಯೆಯಾದ ಐಎಂಇಐ ಬೇಕು. ಫೋನ್ ಕೈಯಲ್ಲಿರುವಾಗಲೇ *#06# ಒತ್ತಿ ಅದನ್ನು ಒಂದು ಚೀಟಿಯಲ್ಲಿ ಬರೆದು ಮನೆಯಲ್ಲಿಡಿ.