ಕಪ್ಪು ಆಕಾಶದ ಮೇಲಿನ ಹೊಳಪನ್ನು ನಿವಾರಿಸಿದ ಬಗೆ

ದಿವಂಗತರಾದ ವಿಜ್ಞಾನ ಕಥಾ ಚಿತ್ರಕಾರರೊಬ್ಬರ ಮೂಲಚಿತ್ರಗಳನ್ನು ಸಾಕ್ಷ್ಯಚಿತ್ರಕ್ಕಾಗಿ ಶಿರಸಿಯ ಮನೆಯೊಂದರಲ್ಲಿ ಚಿತ್ರೀಕರಿಸುವಾಗ, ವಾರ್ನಿಷ್‌ನ ಹೊಳಪು ಕಪ್ಪು ಅಂತರಿಕ್ಷದ ಮೇಲೆ ಬಿಳಿ ಚುಕ್ಕಿಗಳಾಗಿ ಬಿದ್ದು, ಬರೆದ ನಕ್ಷತ್ರ ಯಾವುದು, ಪ್ರತಿಫಲನ ಯಾವುದು ಎಂದು ತಿಳಿಯುತ್ತಿರಲಿಲ್ಲ. ದೀಪಗಳಿಗೆ ಬಿಳಿ ಬಟ್ಟೆ ಕಟ್ಟಿದರೂ, ಮಳೆಗಾಲದ ಕಿಟಕಿ ಬೆಳಕನ್ನು ಬಳಸಿದರೂ, ಲೆನ್ಸ್‌ಗೆ ಮಾತ್ರ ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಫಿಲ್ಟರ್) ಹಾಕಿದರೂ ಫಲ ಸಿಗಲಿಲ್ಲ.

ದೀಪಗಳಿಗೂ ರೇಖೀಯ ಪೋಲರೈಸರ್ ಹಾಳೆ ಹಾಕಿದಾಗಲೇ ಹೊಳಪು ಹೋಯಿತು. ಕ್ರಮ ಮುಖ್ಯ. ಕಿಟಕಿಗಳನ್ನು ಮುಚ್ಚಿ, ಚಿತ್ರದ ಎರಡೂ ಬದಿಗೆ 45 ಡಿಗ್ರಿಯಲ್ಲಿ ಎಲ್‌ಇಡಿ ದೀಪಗಳನ್ನಿಟ್ಟು, ಹಾಳೆಗಳ ಅಕ್ಷ (ಬೆಳಕನ್ನು ಬಿಡುವ ದಿಕ್ಕು) ಒಂದೇ ದಿಕ್ಕಿಗಿರುವಂತೆ ಅಂಟಿಸಬೇಕು. ಮೊದಲು ಒಂದೇ ದೀಪ ಹಚ್ಚಿ, ಚಿತ್ರದ ಪಕ್ಕದಲ್ಲಿ ಸ್ಟೀಲ್ ಚಮಚ ಹಿಡಿದು, ಅದರ ಮೇಲಿನ ಮಿಂಚು ಆರುವವರೆಗೆ ಲೆನ್ಸ್‌ನ ಫಿಲ್ಟರನ್ನು ತಿರುಗಿಸಬೇಕು. ಬಳಿಕ ಎರಡನೆಯ ದೀಪವನ್ನು ಮಾತ್ರ ಹಚ್ಚಿ, ಫಿಲ್ಟರನ್ನು ಮುಟ್ಟದೆ ಆ ದೀಪದ ಹಾಳೆಯನ್ನೇ ಸರಿಪಡಿಸಬೇಕು. ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣಗಳು ಸರಿಯಾಗಿ ಕಾಣುವಂತೆ ಕ್ಯಾಮೆರಾವನ್ನು ಹೊಂದಿಸುವುದು, ಇವೆಲ್ಲ ಮುಗಿದ ಮೇಲೆ, ಬೂದು ಕಾರ್ಡ್ ಇಟ್ಟು. ನಮ್ಮ ವಿದ್ಯುತ್ 50 ಹರ್ಟ್ಜ್ ಆದ್ದರಿಂದ, ದೃಶ್ಯದಲ್ಲಿ ದೀಪ ಮಿನುಗದಂತೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ಹಾಳೆ ಮತ್ತು ಫಿಲ್ಟರಿನಲ್ಲಿ ಕಳೆದುಹೋಗುವ ಬೆಳಕನ್ನು ಕ್ಯಾಮೆರಾದ ಬೆಳಕಿನ ಸಂವೇದನೆಯ ಅಳತೆಯಾದ ಐಎಸ್‌ಒ ಏರಿಸಿ ತುಂಬಿಸಿದೆ. ಕುಂಚದ ಉಬ್ಬು ಕಾಣಬೇಕಾದ ಸಮೀಪದೃಶ್ಯಗಳಲ್ಲಿ ಮಾತ್ರ ಫಿಲ್ಟರನ್ನು ತುಸು ಹಿಂದಕ್ಕೆ ತಿರುಗಿಸಿದೆ.